ಕುಡಿತ ಬಿಟ್ಟ ತಮ್ಮ ಮನೆಗೆ ಬಂದಿದ್ದಾನೆ, ನಾನು ಕಾವಲು ಕಾಯಬೇಕೆ?

ಪ್ರಶ್ನೆ: ನನ್ನ ತಮ್ಮನಿಗೆ 33 ವರ್ಷ. ಏಳೆಂಟು ವರ್ಷದಿಂದ ವಿಪರೀತ ಕುಡಿಯುತ್ತಿದ್ದ. ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳಿದ್ದು ಮನೆಗೆ ಬಂದು ಮೂರು ವಾರವಾಯಿತು. ಈವರೆಗೆ ಕುಡಿದಿಲ್ಲ ಎನ್ನುತ್ತಾನೆ. ಆದರೆ ರಾತ್ರಿ ನಿದ್ದೆಯಿಲ್ಲ, ಮಾತಾಡಿಸಿದರೆ ಸಿಡುಕುತ್ತಾನೆ. ಅವನು ಹೊರಗಿನಿಂದ ಬಂದಾಗ ಏನೋ ನೆಪ ಮಾಡಿ ಹತ್ತಿರ ಹೋಗಿ ಬಾಯಿ ವಾಸನೆ ನೋಡುತ್ತೇನೆ. ಸ್ನಾನಕ್ಕೆ ಹೋದಾಗ ಬ್ಯಾಗು ಹುಡುಕುತ್ತೇನೆ. ಅಮ್ಮ ದಿನಾ ಅತ್ತು ಆಣೆ ಹಾಕಿಸುತ್ತಾರೆ. ಕುಡಿದರೆ ವಾಂತಿಯಾಗುವ ಮಾತ್ರೆಯನ್ನು ಅವನಿಗೆ ಗೊತ್ತಾಗದ ಹಾಗೆ ಊಟದಲ್ಲಿ ಬೆರೆಸಿ ಎಂದು ಸಂಬಂಧಿಕರೊಬ್ಬರು ಹೇಳುತ್ತಿದ್ದಾರೆ. ಈಗ ತನ್ನ ಎಟಿಎಂ ಕಾರ್ಡ್ ವಾಪಸ್ ಕೇಳುತ್ತಿದ್ದಾನೆ, ಕೊಡಲೇ? ಮತ್ತೆ ಕುಡಿದರೆ ಏನು ಮಾಡಲಿ? ಇನ್ನೊಂದು ವಿಷಯ ಹೇಳಲು ನಾಚಿಕೆಯಾಗುತ್ತದೆ. ಅವನು ಕುಡಿಯುತ್ತಿದ್ದಾಗಲೂ ಬರದಷ್ಟು ಸಿಟ್ಟು ನನಗೆ ಈಗ ಬರುತ್ತಿದೆ.

ಉತ್ತರ: ಬೇರೆಲ್ಲದಕ್ಕಿಂತ ಮೊದಲು ಆ ಮಾತ್ರೆಯ ವಿಷಯ. ದಯವಿಟ್ಟು ಬೆರೆಸಬೇಡಿ.

ನಿಮ್ಮ ಸಂಬಂಧಿಕರು ಹೇಳುತ್ತಿರುವುದು ಬಹುಶಃ ಡಿಸಲ್ಫಿರಾಮ್. ಮದ್ಯ ದೇಹದಲ್ಲಿ ಕರಗುವಾಗ ನಡುವೆ ಅಸಿಟಾಲ್ಡಿಹೈಡ್ ಎಂಬ ವಿಷವಸ್ತು ಹುಟ್ಟುತ್ತದೆ. ಯಕೃತ್ತು ಅದನ್ನು ಬೇಗನೆ ನಿರುಪದ್ರವಿ ಮಾಡಿಬಿಡುತ್ತದೆ. ಈ ಮಾತ್ರೆ ಆ ಕೆಲಸವನ್ನು ತಡೆಯುತ್ತದೆ, ಹಾಗಾಗಿ ಸ್ವಲ್ಪ ಕುಡಿದರೂ ವಿಷ ಮೈಯಲ್ಲಿ ಸೇರಿಕೊಳ್ಳುತ್ತದೆ. ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ರಕ್ತದೊತ್ತಡ ಕುಸಿಯುತ್ತದೆ. ಹೃದಯದ ತೊಂದರೆ ಇರುವವರಿಗೆ ಪ್ರಾಣಕ್ಕೇ ಅಪಾಯ. 1940ರ ದಶಕದಲ್ಲಿ ಡೆನ್ಮಾರ್ಕಿನ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೋಬ್ಸೆನ್ ಎಂಬ ಸಂಶೋಧಕರು ಇದು ಹೊಟ್ಟೆಹುಳದ ಔಷಧವಾಗಬಹುದೇ ಎಂದು ಪರೀಕ್ಷಿಸುತ್ತ ತಾವೇ ನುಂಗಿದ್ದರು. ಆಮೇಲೆ ಮದ್ಯ ಸೇವಿಸಿದಾಗ ಮೈಗೆ ಹುಷಾರಿಲ್ಲದಂತಾಗಿ ಇದರ ಗುಣ ಬಯಲಾಯಿತು. ತಾವು ಏನು ನುಂಗಿದ್ದೇವೆ ಎಂಬುದಾದರೂ ಅವರಿಗೆ ಗೊತ್ತಿತ್ತು. ನಿಮ್ಮ ತಮ್ಮನಿಗೆ ಅದೂ ಗೊತ್ತಿರುವುದಿಲ್ಲ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪರಿಣಾಮ ಉಳಿಯಬಹುದು. ಕೆಲವು ಕೆಮ್ಮಿನ ಸಿರಪ್ಪು, ಬಾಯಿ ಮುಕ್ಕಳಿಸುವ ದ್ರಾವಣಗಳಲ್ಲೂ ಮದ್ಯಸಾರ ಇರುತ್ತದೆ. ಯಕೃತ್ತು, ಹೃದಯ ಪರೀಕ್ಷೆ ಮಾಡಿ, ರೋಗಿಗೆ ಎಲ್ಲ ವಿವರಿಸಿ, ಅವನು ಒಪ್ಪಿದ ಮೇಲೆಯೇ ವೈದ್ಯರು ಇದನ್ನು ಕೊಡುವುದು. ಹೋಗಲಿ, ಅಪಾಯ ಆಗಲೇ ಇಲ್ಲ ಅಂದುಕೊಳ್ಳಿ. ಊಟದಲ್ಲಿ ಔಷಧ ಬೆರೆಸಿದ್ದೀರೆಂದು ಒಮ್ಮೆ ಗೊತ್ತಾದರೆ ನಿಮ್ಮ ಕೈಯಿಂದ ಒಂದು ಲೋಟ ನೀರನ್ನೂ ಅವನು ನಂಬಿ ಕುಡಿಯಲಾರ.

ಇದೇ ಮಾತ್ರೆಯನ್ನು ಅವನೇ ಒಪ್ಪಿ, ಮನೆಯವರೊಬ್ಬರ ಎದುರು ದಿನಾ ನುಂಗಿದರೆ ಕತೆ ಬೇರೆ. ಗುಳಿಗೆಯನ್ನು ಸುಮ್ಮನೆ ಕೊಟ್ಟು ಕಳಿಸುವುದಕ್ಕಿಂತ, ಒಪ್ಪಿಗೆಯಿಂದ ಇನ್ನೊಬ್ಬರ ಎದುರು ನುಂಗುವ ಏರ್ಪಾಡಿನಲ್ಲಿ ಡಿಸಲ್ಫಿರಾಮ್ ಹೆಚ್ಚು ಫಲ ಕೊಡುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಹಳ ಹಿಂದೆಯೇ ಕಂಡುಕೊಂಡ ಸಂಗತಿ. ಔಷಧ ಅದೇ, ನುಂಗುವವನೂ ಅವನೇ. ಬದಲಾದದ್ದು ಒಪ್ಪಿಗೆ ಒಂದೇ. ನಿಮ್ಮ ಉಳಿದ ಪ್ರಶ್ನೆಗಳಿಗೂ ನನ್ನ ಉತ್ತರ ಹೆಚ್ಚುಕಡಿಮೆ ಇಲ್ಲಿಂದಲೇ ಹೊರಡುತ್ತದೆ: ಅವನಿಗೆ ಗೊತ್ತಿಲ್ಲದೆ ನೀವು ಮಾಡುತ್ತಿರುವುದನ್ನೆಲ್ಲ ಒಂದೊಂದಾಗಿ ಕೈಬಿಡಿ. ಆ ಜಾಗಕ್ಕೆ ಇಬ್ಬರೂ ಕೂತು ಒಪ್ಪಿಕೊಂಡದ್ದನ್ನು ತನ್ನಿ. ಡಿಸಲ್ಫಿರಾಮ್ ಬೇಡವೆಂದರೆ ಕುಡಿತದ ಸುಖವನ್ನೇ ಮಂಕು ಮಾಡುವ ನಾಲ್ಟ್ರೆಕ್ಸೋನ್ ಇದೆ, ಬಿಟ್ಟ ಮೇಲೆ ಕಾಡುವ ತಹತಹವನ್ನು ತಗ್ಗಿಸುವ ಅಕಾಂಪ್ರೊಸೇಟ್ ಇದೆ. ಯಾವುದು ಹೊಂದುತ್ತದೆ ಎಂಬುದನ್ನು ಅವನೂ ಅವನ ವೈದ್ಯರೂ ಮಾತಾಡಿಕೊಳ್ಳಲಿ.

ಇನ್ನು ಆ ಸಿಡುಕು ಮತ್ತು ನಿದ್ದೆ. ಕುಡಿತ ನಿಲ್ಲಿಸಿದ ಮೊದಲ ದಿನಗಳ ಕೈನಡುಕ, ಬೆವರು, ಫಿಟ್ಸ್, ಭ್ರಮೆ ಇವೆಲ್ಲ ಸಾಮಾನ್ಯವಾಗಿ ಒಂದು ವಾರದಲ್ಲಿ ಮುಗಿಯುತ್ತವೆ. ಅದು ಕೇಂದ್ರದಲ್ಲೇ ಆಗಿಹೋಗಿದೆ. ಆದರೆ ವರ್ಷಗಟ್ಟಲೆ ಮದ್ಯದ ಜೊತೆಗೇ ಕೆಲಸ ಮಾಡಿ ರೂಢಿಯಾದ ಮಿದುಳು ಮದ್ಯವಿಲ್ಲದೆ ಹದಕ್ಕೆ ಬರಲು ತಿಂಗಳುಗಳು ಬೇಕು. ನಿದ್ದೆಯಂತೂ ಎಷ್ಟೋ ಜನಕ್ಕೆ ಅರ್ಧ ವರ್ಷ ಕಳೆದರೂ ಸರಿಹೋಗಿರುವುದಿಲ್ಲ. ಸಣ್ಣ ಮಾತಿಗೆ ರೇಗುವುದು, ಯಾವುದರಲ್ಲೂ ಖುಷಿ ಕಾಣದಿರುವುದು, ಗಮನ ನಿಲ್ಲದಿರುವುದು ಈ ಕಾಲದ ಮಾಮೂಲಿ ಲಕ್ಷಣಗಳು. ‘ಇಷ್ಟು ಖರ್ಚು ಮಾಡಿ ಸೇರಿಸಿದರೂ ಮುಖದಲ್ಲೊಂದು ನಗು ಇಲ್ಲವಲ್ಲ’ ಎಂದು ಮನೆಯವರಿಗೆ ಅನ್ನಿಸುವುದು ಸಹಜ. ಅವನಿಗೆ ನಗು ಬರುವಂಥ ಸ್ಥಿತಿ ಇನ್ನೂ ಬಂದಿಲ್ಲ ಅಷ್ಟೇ. ನಿದ್ದೆ ಇಲ್ಲವೆಂದು ನಿಮ್ಮ ಮನೆಯಲ್ಲಿರುವ ನಿದ್ದೆಮಾತ್ರೆ ಮಾತ್ರ ಕೊಡಬೇಡಿ. ಅವುಗಳಲ್ಲಿ ಹಲವು ಮದ್ಯದ ಹಾಗೆಯೇ ಮಿದುಳಿನ ಮೇಲೆ ಕೆಲಸ ಮಾಡುತ್ತವೆ, ಒಂದು ಚಟದ ಜಾಗಕ್ಕೆ ಇನ್ನೊಂದು ಬಂದು ಕೂರುತ್ತದೆ.

ಮೊದಲ ಮೂರು ತಿಂಗಳು ಏಕೆ ಇಷ್ಟು ನಾಜೂಕು ಎನ್ನುವುದಕ್ಕೆ ಹಳೆಯ ಲೆಕ್ಕವೊಂದಿದೆ. 1971ರಲ್ಲಿ ವಿಲಿಯಂ ಹಂಟ್ ಮತ್ತು ಸಹೋದ್ಯೋಗಿಗಳು ಮದ್ಯ, ಹೆರಾಯಿನ್, ತಂಬಾಕು ಬಿಟ್ಟವರ ಫಲಿತಾಂಶಗಳನ್ನು ಒಟ್ಟುಗೂಡಿಸಿ ನೋಡಿದರು. ಮತ್ತೆ ಶುರುಮಾಡದೆ ಉಳಿದವರು ಎಷ್ಟು ಎಂದು ತೋರಿಸುವ ಮೂರೂ ಗೆರೆಗಳು ಒಂದೇ ತರಹ ಇದ್ದವು: ಮೊದಲ ಮೂರು ತಿಂಗಳಲ್ಲಿ ಕಡಿದಾಗಿ ಕೆಳಗಿಳಿದು, ಆಮೇಲೆ ನಿಧಾನಕ್ಕೆ ಸಮವಾಗುತ್ತವೆ. ಅಂದರೆ ನೀವು ಇರುವುದು ಕಡಿದಾದ ಭಾಗದಲ್ಲಿ. ನಿಮ್ಮ ಆತಂಕ ಸುಳ್ಳಲ್ಲ. ಆ ಆತಂಕ ನಿಮ್ಮಿಂದ ಏನು ಮಾಡಿಸುತ್ತಿದೆ ಎಂಬುದು ಬೇರೆ ಪ್ರಶ್ನೆ.

ಬಾಯಿ ವಾಸನೆ ನೋಡುವುದು ಅವನಿಗೆ ಗೊತ್ತಿಲ್ಲ ಎಂದುಕೊಂಡಿದ್ದೀರಾ? ಕುಡಿತವನ್ನು ವರ್ಷಗಟ್ಟಲೆ ಬಚ್ಚಿಟ್ಟುಕೊಂಡವರಿಗೆ ಯಾರು ಯಾವಾಗ ಏಕೆ ಹತ್ತಿರ ಬರುತ್ತಾರೆಂಬುದು ನಿಮಗಿಂತ ಚೆನ್ನಾಗಿ ತಿಳಿಯುತ್ತದೆ. ಬ್ಯಾಗಿನ ಜಿಪ್ಪು ಒಂದಿಂಚು ಸರಿದಿದ್ದರೂ ಗಮನಿಸುತ್ತಾರೆ. ಈ ತಪಾಸಣೆಯಿಂದ ನಿಮಗೆ ಸಿಗುವುದೇನು? ಏನೂ ಸಿಗದ ದಿನ ‘ಬೇರೆ ಕಡೆ ಇಟ್ಟಿರಬಹುದು’ ಎಂಬ ಸಂಶಯ ಉಳಿಯುತ್ತದೆ. ಏನಾದರೂ ಸಿಕ್ಕ ದಿನ ರಾದ್ಧಾಂತವಾಗುತ್ತದೆ, ಜಗಳ ‘ಕುಡಿದೆಯಾ’ ಎಂಬಲ್ಲಿಂದ ‘ನನ್ನ ಬ್ಯಾಗಿಗೆ ಕೈಹಾಕಿದ್ದೇಕೆ’ ಎಂಬಲ್ಲಿಗೆ ಜಾರುತ್ತದೆ. ಎರಡರಲ್ಲೂ ನಿಮಗೆ ನೆಮ್ಮದಿ ಇಲ್ಲ. ಕುಡಿಯದೆ ಮನೆಗೆ ಬಂದವನಿಗೂ ಬಾಗಿಲಲ್ಲಿ ಕಳ್ಳನ ಮರ್ಯಾದೆ. ಹೀಗೇ ಆದರೆ ಒಂದು ದಿನ ಅವನಿಗೆ ಅನ್ನಿಸುವುದು ಇದೇ: ಹೇಗೂ ನಂಬುವುದಿಲ್ಲ, ಕುಡಿದೇ ಬರುತ್ತೇನೆ.

ಹಾಗಾದರೆ ಕಣ್ಣುಮುಚ್ಚಿ ನಂಬಬೇಕೇ? ಅದನ್ನೂ ನಾನು ಹೇಳುತ್ತಿಲ್ಲ. ಏಳೆಂಟು ವರ್ಷ ಸುಳ್ಳು ಕೇಳಿದ ಮೇಲೆ ಮೂರೇ ವಾರದಲ್ಲಿ ನಂಬಿಕೆ ಬರಬೇಕೆಂದು ನಿಮ್ಮಿಂದ ಯಾರೂ ಕೇಳುವಂತಿಲ್ಲ, ಅವನೂ ಕೂಡ.

ನಡುವಿನ ದಾರಿಯೊಂದಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ತಿಮೊತಿ ಓಫ್ಯಾರಲ್ ಮತ್ತು ಅವರ ತಂಡ ಕುಡಿತ ಬಿಟ್ಟವರ ದಾಂಪತ್ಯಕ್ಕೆಂದು ರೂಪಿಸಿದ್ದು ಅದು. ಅಕ್ಕ-ತಮ್ಮ, ತಾಯಿ-ಮಗ ಎಲ್ಲರಿಗೂ ಸಲ್ಲುತ್ತದೆ. ದಿನಕ್ಕೊಮ್ಮೆ, ಇಬ್ಬರೂ ಸೇರಿ ಗೊತ್ತುಮಾಡಿದ ಹೊತ್ತಿಗೆ, ಎರಡೇ ನಿಮಿಷ ಎದುರುಬದುರು ಕೂರುತ್ತೀರಿ. ಅವನು ಹೇಳುತ್ತಾನೆ: ‘ನಿನ್ನೆಯಿಂದ ಈವರೆಗೆ ಕುಡಿದಿಲ್ಲ. ನಾಳೆ ಈ ಹೊತ್ತಿನವರೆಗೂ ಕುಡಿಯದಿರಲು ನಿರ್ಧರಿಸಿದ್ದೇನೆ.’ ಮಾತ್ರೆ ಇದ್ದರೆ ಆಗಲೇ ನುಂಗುತ್ತಾನೆ. ನೀವು ಹೇಳುತ್ತೀರಿ: ‘ಸಂತೋಷ ಆಯ್ತು ಕಣೋ. ನನ್ನಿಂದ ಏನಾದರೂ ಆಗಬೇಕಿದ್ದರೆ ಹೇಳು.’ ಕ್ಯಾಲೆಂಡರಿನಲ್ಲಿ ಒಂದು ಗುರುತು. ಮುಗಿಯಿತು.

ಮುಗಿಯಿತು ಎಂದದ್ದು ಸುಮ್ಮನೆ ಅಲ್ಲ. ಈ ಒಪ್ಪಂದದಲ್ಲಿ ಅವನ ಪಾಲಿಗಿಂತ ನಿಮ್ಮ ಪಾಲು ಕಷ್ಟ. ಆ ಎರಡು ನಿಮಿಷದ ಹೊರಗೆ ದಿನವಿಡೀ ಹಳೆಯ ಕುಡಿತದ ಮಾತೆತ್ತುವಂತಿಲ್ಲ, ಮುಂದೆ ಕುಡಿಯುತ್ತಾನೇನೋ ಎಂಬ ಭಯವನ್ನು ಅವನ ಮುಂದೆ ಆಡುವಂತಿಲ್ಲ. ಅದನ್ನು ಸಮಾಲೋಚಕರ ಮುಂದೆ, ಅವನೂ ಇರುವಾಗ ಆಡಬಹುದು. ‘ಆ ವರ್ಷ ನೀನು ಬಿದ್ದುಕೊಂಡಿದ್ದೆಯಲ್ಲ’ ಎಂಬ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳಬೇಕು. ಮೊದಲು ನಾಟಕದಂತೆ ಕಾಣುತ್ತದೆ, ಇಬ್ಬರಿಗೂ ಮುಜುಗರವಾಗುತ್ತದೆ. ಆಗಲಿ. ಮಾತಿನ ರೀತಿ ನಿಮ್ಮ ಮನೆಯದಾಗಿರಲಿ, ನಾನು ಬರೆದ ವಾಕ್ಯಗಳೇ ಬೇಕೆಂದಿಲ್ಲ. ಇದರಿಂದ ಆಗುವ ಲಾಭ ಸರಳ: ನೀವು ಕೇಳಬೇಕಾಗಿಲ್ಲ, ಅವನೇ ಹೇಳುತ್ತಾನೆ. ಉಳಿದ ಇಪ್ಪತ್ತಮೂರು ಚಿಲ್ಲರೆ ಗಂಟೆಗಳಲ್ಲಿ ನೀವಿಬ್ಬರೂ ಬರೀ ಅಕ್ಕ-ತಮ್ಮ ಆಗಿರಬಹುದು. ಮನೆಯಲ್ಲಿ ಕುಡಿತದ ಹೊರತು ಬೇರೆ ಮಾತೇ ನಿಂತುಹೋಗಿದ್ದರೆ, ಅದನ್ನು ಮತ್ತೆ ಶುರುಮಾಡುವುದೂ ಚಿಕಿತ್ಸೆಯ ಭಾಗವೇ.

ಉಸಿರಿನ ಪರೀಕ್ಷೆಯ ಸಣ್ಣ ಯಂತ್ರ ತರಲೇ ಎಂದು ಹಲವರು ಕೇಳುತ್ತಾರೆ. ‘ಇಟ್ಟುಕೊಳ್ಳೋಣ, ನಿಮಗೂ ಸಮಾಧಾನ’ ಎಂದು ಅವನೇ ಹೇಳಿದರೆ ತನ್ನಿ. ನೀವು ತಂದು ಅವನ ಮುಖಕ್ಕೆ ಹಿಡಿಯುವುದಾದರೆ ಬೇಡ.

ಅಮ್ಮನ ಆಣೆಯ ಬಗ್ಗೆ ನನ್ನದು ಕಠಿಣ ಅಭಿಪ್ರಾಯ. ಆಣೆ ಹಾಕಿಸಿಕೊಂಡವನು ಒಂದು ದಿನ ಜಾರಿದರೆ ಎರಡು ತಪ್ಪು ಹೊರಬೇಕಾಗುತ್ತದೆ, ಕುಡಿದದ್ದು ಮತ್ತು ತಾಯಿಯ ಆಣೆ ಮುರಿದದ್ದು. ಮೊದಲನೆಯದನ್ನು ಬಾಯಿಬಿಟ್ಟು ಹೇಳಬಹುದಿತ್ತು, ಎರಡನೆಯದನ್ನು ಹೇಳಲಾಗದೆ ಎರಡನ್ನೂ ಮುಚ್ಚಿಡುತ್ತಾನೆ. ಮುಚ್ಚಿಡುವುದೇ ಮತ್ತೆ ಕುಡಿತಕ್ಕೆ ದೊಡ್ಡ ಮೆಟ್ಟಿಲು. ಅಮ್ಮನಿಗೆ ಇದನ್ನು ನೀವು ಹೇಳಿದರೆ ನಾಟದಿರಬಹುದು. ಸಮಾಲೋಚಕರ ಬಳಿ ಒಮ್ಮೆ ಕರೆದುಕೊಂಡು ಹೋಗಿ ಅವರಿಂದಲೇ ಹೇಳಿಸಿ.

ಮತ್ತೆ ಕುಡಿದರೆ? ಕುಡಿಯುವ ಮೊದಲೇ ಮಾತಾಡಿಡಬೇಕಾದ ವಿಷಯ ಇದು. ‘ಅಪಶಕುನದ ಮಾತೇಕೆ’ ಎಂದು ಮನೆಯವರು ಹಿಂಜರಿಯುತ್ತಾರೆ. 2000ರಲ್ಲಿ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ ವ್ಯಸನದ ಚಿಕಿತ್ಸೆ ಮುಗಿಸಿದವರಲ್ಲಿ ಶೇಕಡ 40ರಿಂದ 60ರಷ್ಟು ಜನ ಒಂದು ವರ್ಷದೊಳಗೆ ಮತ್ತೆ ಬಳಸಿರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಅಸ್ತಮಾ ಇರುವವರಲ್ಲೂ ರೋಗ ಮರುಕಳಿಸುವುದು, ಔಷಧ ಬಿಡುವುದು ಹೆಚ್ಚುಕಡಿಮೆ ಇಷ್ಟೇ. ಬಿಪಿ ಏರಿದವನನ್ನು ಯಾರೂ ಮನೆಯಿಂದ ಆಚೆ ಹಾಕುವುದಿಲ್ಲ, ಔಷಧ ಸರಿಯಿದೆಯೇ ಎಂದು ವೈದ್ಯರ ಹತ್ತಿರ ಹೋಗುತ್ತಾರೆ. ಇಲ್ಲೂ ಅದನ್ನೇ ಮಾಡಬೇಕು.

ಅಲನ್ ಮಾರ್ಲಾಟ್ ಎಂಬ ಮನಶ್ಶಾಸ್ತ್ರಜ್ಞ ಒಮ್ಮೆ ಜಾರುವುದಕ್ಕೂ ಪೂರ್ತಿ ಹಳೆಯ ಸ್ಥಿತಿಗೆ ಮರಳುವುದಕ್ಕೂ ನಡುವೆ ಏನಾಗುತ್ತದೆ ಎಂದು ಅಧ್ಯಯನ ಮಾಡಿದ್ದರು. ಮೊದಲ ಗ್ಲಾಸ್ ಕುಡಿದವನ ಮನಸ್ಸಿನಲ್ಲಿ ಮೂಡುವ ‘ಎಲ್ಲ ಹಾಳಾಯಿತು, ನಾನು ಇಷ್ಟೇ’ ಎಂಬ ಭಾವ ಅವನನ್ನು ಎರಡನೆಯ, ಮೂರನೆಯ ಗ್ಲಾಸಿಗೆ ತಳ್ಳುತ್ತದೆ ಎಂಬುದು ಅವರ ಮುಖ್ಯ ಕಾಣ್ಕೆಗಳಲ್ಲೊಂದು. ಮನೆಯವರೂ ಅದನ್ನೇ ಕೂಗಿ ಹೇಳಿದರೆ ಆ ತಳ್ಳುವಿಕೆಗೆ ಇನ್ನಷ್ಟು ಬಲ ಕೊಟ್ಟಂತೆ. ಜನ ಮತ್ತೆ ಕುಡಿಯುವ ಸಂದರ್ಭಗಳನ್ನು ಅವರು ಪಟ್ಟಿ ಮಾಡಿದಾಗ ಮೇಲೆ ಬಂದವು ಮೂರು: ಬೇಸರ-ಸಿಟ್ಟಿನಂಥ ಮನಃಸ್ಥಿತಿ, ಆಪ್ತರೊಂದಿಗೆ ಜಗಳ, ಜೊತೆಗಾರರ ಒತ್ತಾಯ. ಎರಡನೆಯದು ನಿಮ್ಮ ಮನೆಯೊಳಗೇ ಇದೆ, ಗಮನಿಸಿ. ನಿಮ್ಮಿಂದಾಗಿ ಅವನು ಕುಡಿಯುತ್ತಾನೆ ಎಂದು ಇದರ ಅರ್ಥವಲ್ಲ. ಕುಡಿಯುವುದು ಬಿಡುವುದು ಕೊನೆಗೂ ಅವನದೇ ನಿರ್ಧಾರ.

ಆದ್ದರಿಂದ ಅವನು ಸಮಾಧಾನವಾಗಿರುವ ದಿನ ನೋಡಿ ಕೇಳಿ: ‘ಅಕಸ್ಮಾತ್ ಒಂದು ದಿನ ಜಾರಿದರೆ ನಾನು ಏನು ಮಾಡಬೇಕು, ಏನು ಮಾಡಬಾರದು? ನೀನೇ ಹೇಳು.’ ಅವನು ಹೇಳಿದ್ದನ್ನು ಬರೆದಿಡಿ. ನನ್ನ ಕಡೆಯಿಂದ ಕೆಲವು ಸೇರಿಸುತ್ತೇನೆ. ಕುಡಿದು ಬಂದ ರಾತ್ರಿ ವಿಚಾರಣೆ ಬೇಡ, ಅಮಲಿನಲ್ಲಿ ಆಡಿದ ಮಾತಿಗೂ ಕೊಟ್ಟ ಮಾತಿಗೂ ಬೆಲೆಯಿಲ್ಲ. ವಾಹನದ ಕೀ ತೆಗೆದಿಡಿ, ಮಲಗಿದರೆ ಮಗ್ಗುಲಾಗಿ ಮಲಗಿಸಿ. ಎಷ್ಟು ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ಕಾಯದೆ ಆಸ್ಪತ್ರೆಗೆ. ಮರುದಿನ ಬೆಳಗ್ಗೆ, ಮೊದಲ ಮಾತಾಗಿ, ವೈದ್ಯರಿಗೆ ಅಥವಾ ಸಮಾಲೋಚಕರಿಗೆ ಫೋನ್. ಕೆಲಸದ ಕಡೆಗೆ ‘ಜ್ವರ’ ಎಂದು ನೀವು ಸುಳ್ಳು ಹೇಳಬೇಡಿ, ಅವನೇ ಫೋನ್ ಮಾಡಿ ಏನು ಹೇಳಬೇಕೋ ಹೇಳಲಿ. ಕೈಯೆತ್ತಿದರೆ, ವಸ್ತು ಎಸೆದರೆ ನೀವೂ ಅಮ್ಮನೂ ಅಲ್ಲಿ ನಿಲ್ಲಬೇಡಿ. ಸಹಾನುಭೂತಿಗೂ ಹೊಡೆತ ಸಹಿಸುವುದಕ್ಕೂ ಸಂಬಂಧವಿಲ್ಲ.

ಹಲವು ದಿನ ಸತತವಾಗಿ ಕುಡಿದುಬಿಟ್ಟರೆ ಇನ್ನೊಂದು ಎಚ್ಚರ. ಕೋಣೆಯಲ್ಲಿ ಕೂಡಿಹಾಕಿ ‘ಇಂದಿನಿಂದ ಒಂದು ಹನಿಯೂ ಇಲ್ಲ’ ಎನ್ನಬೇಡಿ. ಹೆಚ್ಚು ಕುಡಿಯುವವರು ಥಟ್ಟನೆ ನಿಲ್ಲಿಸಿದಾಗ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಗೊಂದಲ, ಭ್ರಮೆ, ಜ್ವರದ ಅಪಾಯಕಾರಿ ಸ್ಥಿತಿ ಬರಬಹುದು. ಹಿಂದೆ ಒಮ್ಮೆ ಆದವರಿಗೆ ಮುಂದಿನ ಸಲ ಇನ್ನೂ ಜೋರಾಗುವ ಸಂಭವ ಹೆಚ್ಚು. ನಡೆಯುವಾಗ ತೂರಾಟ, ಕಣ್ಣು ಸರಿಯಾಗಿ ಹೊರಳದಿರುವುದು, ಮಂಕು ಕಂಡರೆ ಅದು ಬಿ1 ಜೀವಸತ್ವದ ತೀವ್ರ ಕೊರತೆ ಇರಬಹುದು. ತಕ್ಷಣ ಚುಚ್ಚುಮದ್ದು ಸಿಗದಿದ್ದರೆ ನೆನಪಿನ ಶಕ್ತಿ ಶಾಶ್ವತವಾಗಿ ಹಾಳಾಗಬಹುದು. (ಇದನ್ನು ಓದುತ್ತಿರುವ ಬೇರೆಯವರಿಗೊಂದು ಮಾತು: ನಿಮ್ಮ ಮನೆಯವರು ಬಿಟ್ಟದ್ದು ಹೆರಾಯಿನ್‌ನಂಥ ಅಫೀಮಿನ ವರ್ಗದ್ದಾದರೆ, ಬಿಟ್ಟ ಮೇಲಿನ ಒಂದೇ ಸಲದ ಬಳಕೆಯೂ ಕೊಲ್ಲಬಹುದು. ಮೈ ತಡೆದುಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ, ಕೈ ಮಾತ್ರ ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತದೆ. ಅಂಥ ಹೊತ್ತಿನಲ್ಲಿ ಅಫೀಮಿನ ಪರಿಣಾಮವನ್ನು ತಡೆಯುವ ನಲೋಕ್ಸೋನ್ ಎಂಬ ಔಷಧವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಿ.)

‘ನಾನು ಇದ್ದು ಏನು ಪ್ರಯೋಜನ’ ಎಂಬಂಥ ಮಾತು ಅವನ ಬಾಯಲ್ಲಿ ಬಂದರೆ ಸಿಡುಕಿನ ಲೆಕ್ಕಕ್ಕೆ ಸೇರಿಸಬೇಡಿ. ‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಒಬ್ಬನನ್ನೇ ಬಿಡದೆ ಅಂದೇ ಮನೋವೈದ್ಯರನ್ನು ಕಾಣಿಸಿ. ಬಿಟ್ಟು ಮೂರು ನಾಲ್ಕು ವಾರ ಕಳೆದರೂ ಮಂಕು ಕವಿದೇ ಇದ್ದರೆ ಅದು ಬೇರೆಯೇ ಖಿನ್ನತೆ ಇರಬಹುದು, ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ನಿಮ್ಮ ತಮ್ಮನಿಗೆ ಆ ಗಡುವು ಈಗಾಗಲೇ ದಾಟಿದೆ, ಮುಂದಿನ ಭೇಟಿಯಲ್ಲಿ ಇದನ್ನು ಕೇಳಲೇಬೇಕು.

ನಿಮ್ಮ ಸಿಟ್ಟಿನ ಬಗ್ಗೆ ನಾಚಿಕೆಪಡಬೇಡಿ. 1935ರಲ್ಲಿ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಶುರುಮಾಡಿದ ಇಬ್ಬರಲ್ಲಿ ಒಬ್ಬರಾದ ಬಿಲ್ ವಿಲ್ಸನ್ ಅವರ ಹೆಂಡತಿ ಲೋಯಿಸ್ ವರ್ಷಾನುಗಟ್ಟಲೆ ಗಂಡನ ಕುಡಿತ ಬಿಡಿಸಲು ಹೆಣಗಿದ್ದರು. ಬಿಲ್ ಕುಡಿತ ಬಿಟ್ಟ ಮೇಲೆ ಒಂದು ದಿನ ‘ಸಭೆಗೆ ತಡವಾಗುತ್ತದೆ, ಬೇಗ ಹೊರಡು’ ಎಂದಾಗ ಲೋಯಿಸ್ ಕೈಗೆ ಸಿಕ್ಕ ಬೂಟನ್ನು ಅವರತ್ತ ಎಸೆದರಂತೆ. ತಾನು ಅಷ್ಟು ವರ್ಷ ಬಡಿದಾಡಿದರೂ ಆಗದ್ದು ಯಾರೋ ಹೊಸ ಗೆಳೆಯರಿಂದ ಆಯಿತಲ್ಲ ಎಂಬ ಸಂಕಟವೂ ಅದರಲ್ಲಿತ್ತು ಎಂದು ಮುಂದೆ ಅವರೇ ಹೇಳಿಕೊಂಡಿದ್ದಾರೆ. 1951ರಲ್ಲಿ ಕುಟುಂಬದವರಿಗೆಂದೇ ಅಲ್-ಅನಾನ್ ಹುಟ್ಟಿದಾಗ ಅದರ ಸ್ಥಾಪಕರಲ್ಲಿ ಅವರೂ ಇದ್ದರು. ನಿಮ್ಮ ತಮ್ಮ ಕುಡಿಯುತ್ತಿದ್ದಾಗ ನಿಮಗೆ ಸಿಟ್ಟಿಗೆ ಪುರುಸೊತ್ತಿರಲಿಲ್ಲ, ಒಂದರ ಮೇಲೊಂದು ಗಂಡಾಂತರ ಸಂಭಾಳಿಸುವುದೇ ಆಗಿತ್ತು. ಈಗ ಮನೆ ಸ್ವಲ್ಪ ತಣ್ಣಗಾದ ಮೇಲೆ ಅದು ಮೇಲೆದ್ದು ಬಂದಿದೆ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಈ ತಿಂಗಳುಗಳಲ್ಲಿ ಅವನ ಮುಂದೆ ಸುರಿದು ಫಲವಿಲ್ಲ. ಕುಟುಂಬದವರ ಗುಂಪಿಗೆ ಹೋಗಿ, ಇಲ್ಲವೇ ನಿಮ್ಮದೇ ಆದ ಸಮಾಲೋಚಕರನ್ನು ನೋಡಿ. ನೀವು ಬಿಟ್ಟುಬಿಟ್ಟ ಗೆಳತಿಯರು, ಓದು, ನಿದ್ದೆ ಇವಕ್ಕೆ ಅವನು ಪೂರ್ತಿ ಸರಿಯಾಗುವವರೆಗೆ ಕಾಯಬೇಡಿ.

ಇನ್ನು ಎಟಿಎಂ ಕಾರ್ಡ್. ದುಡ್ಡು ಅವನದು, ಅವನು ವಯಸ್ಕ. ಕಾರ್ಡ್ ನಿಮ್ಮ ಬಳಿ ಬಂದದ್ದು ಅವನ ಒಪ್ಪಿಗೆಯಿಂದಲೋ, ಜಗಳದಿಂದಲೋ ಎಂದು ನೀವು ಬರೆದಿಲ್ಲ. ಹೇಗೇ ಬಂದಿದ್ದರೂ ಕೊನೆಯಿಲ್ಲದೆ ಇಟ್ಟುಕೊಳ್ಳುವುದು ಸರಿಯಲ್ಲ. ಕೊಡುವ ಮೊದಲು ಒಂದು ಮಾತು ಕೇಳಿ: ಕೈಯಲ್ಲಿ ಹೆಚ್ಚು ನಗದಿರುವುದು ತನಗೆ ಈಗ ಅಪಾಯವೇ ಎಂದು ಅವನಿಗೇ ಏನನ್ನಿಸುತ್ತದೆ? ಬಿಟ್ಟವರಲ್ಲಿ ಬಹಳ ಮಂದಿ ಪ್ರಾಮಾಣಿಕವಾಗಿ ‘ಸಂಬಳದ ದಿನವೇ ಕಷ್ಟ’ ಎನ್ನುತ್ತಾರೆ. ಹಾಗಾದರೆ ದಿನಕ್ಕೆ ಇಷ್ಟೇ ತೆಗೆಯುವಂತೆ ಬ್ಯಾಂಕಿನಲ್ಲಿ ಅವನೇ ಮಿತಿ ಹಾಕಿಸಲಿ, ಸಂಬಳದ ದಿನ ಮನೆ ಖರ್ಚಿನ ಪಾಲನ್ನು ಅವನೇ ವರ್ಗಾಯಿಸಲಿ. ಈ ವ್ಯವಸ್ಥೆ ಎಲ್ಲಿಯವರೆಗೆ ಎಂದು ತಾರೀಖು ಬರೆಯಿರಿ, ಮೂರು ತಿಂಗಳು ಸಾಕು. ಆ ದಿನ ಮತ್ತೆ ಕೂತು ಮಾತಾಡಿ. ಯಾವ ಮಿತಿಗೂ ಅವನು ಒಪ್ಪದಿದ್ದರೂ ಕಾರ್ಡ್ ಕೊಡಲೇಬೇಕಾಗುತ್ತದೆ. ಆಗ ನಿಮ್ಮ ಕೈಯಲ್ಲಿ ಉಳಿಯುವುದು ನಿಮ್ಮ ದುಡ್ಡಿನ ಮೇಲಿನ ಹಕ್ಕು: ಸಾಲ ಕೊಡುವುದಿಲ್ಲ, ಅವನ ಕುಡಿತದ ಹಳೆಯ ಸಾಲ ನಾನು ತೀರಿಸುವುದಿಲ್ಲ ಎಂದು ಒಮ್ಮೆ ಸ್ಪಷ್ಟವಾಗಿ ಹೇಳಿ, ಆಮೇಲೆ ಅದನ್ನೇ ಪಾಲಿಸಿ. ಈ ಮಾತುಕತೆ ಅವನು ಸಿಡುಕಿದ ಸಂಜೆ ಬೇಡ. ಸಮಾಲೋಚಕರ ಮುಂದೆ ಆದರೆ ಉತ್ತಮ. ಭೇಟಿಯ ದಿನ ದೂರವಿದ್ದರೆ ಕೇಂದ್ರಕ್ಕೆ ಫೋನ್ ಮಾಡಿ ಈ ವಾರಕ್ಕೇ ಕೇಳಿ, ಮತ್ತು ಫೋನ್ ಮಾಡುತ್ತಿದ್ದೀರೆಂದು ಅವನಿಗೆ ಮೊದಲೇ ಹೇಳಿ.